ರೆನ್ನಿಂಗೆನ್‌ನಲ್ಲಿ ನಮ್ಮೂರ ಕಾರ್ಡು

ಸ್ಟುಟ್‌ಗಾರ್ಟ್ ಮುಖ್ಯ ನಿಲ್ದಾಣದಲ್ಲಿ ಎಸ್-6 ಎಂಬ ಲೋಕಲ್ ರೈಲು ಹತ್ತಿ ಪಶ್ಚಿಮಕ್ಕೆ ಹೊರಟರೆ ಸುಮಾರು ಅರ್ಧ ಗಂಟೆಯಲ್ಲಿ ರೆನ್ನಿಂಗೆನ್ ಬರುತ್ತದೆ. ದಾರಿಯಲ್ಲಿ ಲಿಯೋನ್‌ಬರ್ಗ್ ಸಿಗುತ್ತದೆ. ರೆನ್ನಿಂಗೆನ್‌ನಲ್ಲಿ ಇಳಿಯದೆ ಕೂತೇ ಇದ್ದರೆ ಮಾಲ್ಮ್ಸ್‌ಹೈಮ್ ದಾಟಿ ಕೊನೆಯ ನಿಲ್ದಾಣವಾದ ವೈಲ್ ಡೇರ್ ಷ್ಟಾಟ್ ಸೇರುತ್ತೀರಿ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ 1571ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಹಾಗಾಗಿ ಪ್ರವಾಸಿಗರೆಲ್ಲ ಅಲ್ಲಿಗೆ ಹೋಗುತ್ತಾರೆ, ರೆನ್ನಿಂಗೆನ್‌ಗೆ ಕಿಟಕಿಯಿಂದಲೇ ಕೈ ಬೀಸುತ್ತಾರೆ!

ಅದರಲ್ಲಿ ಅವರ ತಪ್ಪೇನೂ ಇಲ್ಲ. ಹದಿನೆಂಟು ಸಾವಿರದಷ್ಟು ಜನ, ಊರಿನ ನಡುವೆ ರಾಂಕ್‌ಬಾಖ್ ಎಂಬ ಪುಟ್ಟ ಹಳ್ಳ, ಒಂದು ಚರ್ಚಿನ ಗೋಪುರ, ಮರದ ಚೌಕಟ್ಟಿನ ಕೆಲವು ಹಳೆಯ ಮನೆಗಳು, ಸುತ್ತ ಹೊಲ ಮತ್ತು ಕಾಡು. ನಮ್ಮ ಕಡೆಯ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ ಅನ್ನಬಹುದು. ಆದರೆ ಈ ಊರಿನ ಹೆಸರು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಪರಿಚಿತ. 2015ರ ಅಕ್ಟೋಬರ್‌ನಲ್ಲಿ ಬಾಷ್ ಕಂಪನಿ ಇಲ್ಲಿನ ಹಳೆಯ ವಿಮಾನ ಇಳಿದಾಣದ ಜಾಗದಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. ಆಗಿನ ಚಾನ್ಸೆಲರ್ ಆಂಗೆಲಾ ಮೆರ್ಕೆಲ್ ಉದ್ಘಾಟನೆಗೆ ಬಂದಿದ್ದರು. ಖರ್ಚು 31 ಕೋಟಿ ಯೂರೋ, ಕೆಲಸ ಮಾಡುವವರು 1,700 ಮಂದಿ ಎಂದು ಕಂಪನಿ ಆಗ ಹೇಳಿತ್ತು. ಬಾಷ್ ಅಂದರೆ ಬೆಂಗಳೂರಿನ ಹಳಬರಿಗೆ ಆಡುಗೋಡಿಯ ಮೈಕೋ ಫ್ಯಾಕ್ಟರಿ ತಾನೆ? 1951ರಲ್ಲಿ ಶುರುವಾದ ಆ ಮೈಕೋ ತನ್ನ ಹೆಸರನ್ನು ಬಾಷ್ ಎಂದು ಬದಲಿಸಿಕೊಂಡದ್ದು 2008ರಲ್ಲಿ. ಹೀಗಾಗಿ ಎಸ್-6 ರೈಲಿನಲ್ಲಿ ಒಮ್ಮೊಮ್ಮೆ ಹಿಂದಿನ ಸೀಟಿನಿಂದ "ಲೇ, ಇಳಿಯೋ ಸ್ಟಾಪ್ ಬಂತು" ಎಂಬ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹೊಸದಾಗಿ ಬಂದಿಳಿದವರು ಹಳಬರಿಗೆ ಮೊದಲು ಕೇಳುವ ಪ್ರಶ್ನೆ ಹವೆಯ ಬಗ್ಗೆ. ಎರಡನೆಯದು ಕರಿಬೇವು ಎಲ್ಲಿ ಸಿಗುತ್ತದೆ ಎಂದು. ಮೂರನೆಯದು, ಸ್ವಲ್ಪ ಸಂಕೋಚದಿಂದ, "ಇಲ್ಲಿ ಎಟಿಎಮ್ಮಿನಲ್ಲಿ ನಮ್ಮ ಇಂಡಿಯಾ ಕಾರ್ಡು ನಡೆಯುತ್ತಾ?" ನಡೆಯುತ್ತದೆ. ಆದರೆ ಅದು ಇಲ್ಲಿ ನಡೆಯುವುದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ವಿಮಾನ ಹತ್ತುವ ಮೊದಲೇ, ಊರಿನಲ್ಲೇ, ತೀರ್ಮಾನವಾಗಿರುತ್ತದೆ. ಉಳಿದ ಕಾಲು ಪಾಲು ತೀರ್ಮಾನವಾಗುವುದು ಯಂತ್ರದ ಪರದೆಯ ಮೇಲೆ ಬರುವ ಒಂದೇ ಒಂದು ಪ್ರಶ್ನೆಗೆ ನೀವು ಕೊಡುವ ಉತ್ತರದಿಂದ. ಅದನ್ನೇ ಸ್ವಲ್ಪ ವಿವರವಾಗಿ ಬರೆಯೋಣ ಎನಿಸಿತು.

ಮೊದಲು ಒಂದು ವಿಷಯ. ಜರ್ಮನಿ ಅಂದರೆ ಎಲ್ಲವೂ ಯಂತ್ರಮಯ, ಎಲ್ಲೆಲ್ಲೂ ಕಾರ್ಡು ಎಂದುಕೊಂಡು ಬರುವವರೇ ಹೆಚ್ಚು. ಬೆಂಗಳೂರಿನಲ್ಲಿ ಸೊಪ್ಪಿನವರ ತಳ್ಳುಗಾಡಿಯಲ್ಲೂ ಫೋನು ಹಿಡಿದು ದುಡ್ಡು ಕೊಟ್ಟು ಅಭ್ಯಾಸವಾದವರಿಗೆ ಇಲ್ಲಿನ ಬೇಕರಿಯಲ್ಲಿ ನಾಣ್ಯ ಎಣಿಸುವ ಅಜ್ಜಿಯನ್ನು ಕಂಡು ತಬ್ಬಿಬ್ಬಾಗುತ್ತದೆ. ಇಲ್ಲಿನ ರಿಸರ್ವ್ ಬ್ಯಾಂಕಿನಂಥ ಸಂಸ್ಥೆ ಬುಂಡೆಸ್‌ಬಾಂಕ್. ಅದು ಆಗಾಗ ನಡೆಸುವ ಸಮೀಕ್ಷೆಯ ಪ್ರಕಾರ 2017ರಲ್ಲಿ ನೂರಕ್ಕೆ 74 ಪಾವತಿಗಳು ನಗದಿನಲ್ಲೇ ಆಗುತ್ತಿದ್ದವು. 2021ರಲ್ಲಿ 58, 2023ರಲ್ಲಿ 51. ಕೊರೋನಾ ಬಂದು ಹೋದ ಮೇಲೂ ಅರ್ಧಕ್ಕಿಂತ ಹೆಚ್ಚು ಸಲ ಜನ ಪರ್ಸಿನಿಂದ ನೋಟು ತೆಗೆದೇ ಕೊಟ್ಟಿದ್ದಾರೆ! "ನಗದೇ ನಿಜ" ಎಂಬ ಅರ್ಥದ ಗಾದೆಯೊಂದು ಇವರಲ್ಲಿದೆ. ಅದರಲ್ಲೂ ನಮ್ಮ ಈ ಷ್ವಾಬೆನ್ ಸೀಮೆಯವರು ಕೈ ಬಿಗಿಗೆ ಹೆಸರಾದವರು. ದುಡ್ಡನ್ನು ಮುಟ್ಟಿ ನೋಡದೆ ಕೊಟ್ಟರೆ ಅವರಿಗೆ ಕೊಟ್ಟಂತೆಯೇ ಆಗುವುದಿಲ್ಲವೇನೋ.

ಇನ್ನೊಂದು ತೊಡಕೂ ಇದೆ. ಅಂಗಡಿಯ ಬಾಗಿಲಲ್ಲಿ "ಕಾರ್ಡು ನಡೆಯುತ್ತದೆ" ಎಂದು ಬರೆದಿದ್ದರೂ ಎಷ್ಟೋ ಕಡೆ ಅದರ ಅರ್ಥ ಇಲ್ಲಿನ ಬ್ಯಾಂಕುಗಳ ಜಿರೋಕಾರ್ಡ್ ಮಾತ್ರ ನಡೆಯುತ್ತದೆ ಎಂದು. ಹಳಬರು ಇನ್ನೂ ಅದನ್ನು ಇಸಿ ಕಾರ್ಡ್ ಎಂದೇ ಕರೆಯುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ಚಿಹ್ನೆ ಇರುವ ನಮ್ಮ ಕಾರ್ಡನ್ನು ಅಲ್ಲಿ ಚಾಚಿದರೆ ಅಂಗಡಿಯಾಕೆ ನಯವಾಗಿಯೇ ತಲೆಯಾಡಿಸುತ್ತಾಳೆ. ದೊಡ್ಡ ಸೂಪರ್‌ಮಾರ್ಕೆಟ್ಟುಗಳಲ್ಲಿ ಈ ತೊಂದರೆ ಇಲ್ಲ. ಬೇಕರಿ, ವಾರದ ಸಂತೆ, ದ್ರಾಕ್ಷಾರಸದ ಕಾಲದಲ್ಲಿ ರೈತರು ತಮ್ಮ ಮನೆಯಲ್ಲೇ ತೆರೆಯುವ ಬೆಸೆನ್ ಎಂಬ ಊಟದ ಮನೆ, ಶಾಲೆಯ ಜಾತ್ರೆಯ ಕೇಕ್ ಮೇಜು, ಇಲ್ಲೆಲ್ಲ ಜೇಬಿನಲ್ಲಿ ನಾಣ್ಯ ಇರಲೇಬೇಕು. ಯುಪಿಐ ಅಂತೂ ಈ ಬೇಕರಿಗಳಲ್ಲಿ ಕೇಳಬೇಡಿ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೆ ಯುಪಿಐ ಬಂದಾಗ ನಾವೆಲ್ಲ ಖುಷಿಪಟ್ಟೆವು. ಆದರೆ ಐಫೆಲ್ ಗೋಪುರದಲ್ಲಿ ಬ್ರೆಡ್ಡು ಮಾರುವುದಿಲ್ಲವಲ್ಲ!

ಇಲ್ಲಿ ಖಾತೆ ತೆರೆದರಾಯಿತಲ್ಲ ಎಂದು ನೀವು ಕೇಳಬಹುದು. ತೆರೆಯಲೇಬೇಕು. ಆದರೆ ಖಾತೆಗೆ ವಿಳಾಸದ ನೋಂದಣಿ ಪತ್ರ ಬೇಕು. ಅದಕ್ಕೆ ಪುರಭವನದಲ್ಲಿ ಸಮಯ ಗೊತ್ತುಮಾಡಬೇಕು, ಅದಕ್ಕೂ ಮೊದಲು ಮನೆಯ ಯಜಮಾನರ ಸಹಿ ಬೇಕು. ಖಾತೆ ತೆರೆದ ಮೇಲೆ ಕಾರ್ಡು ಒಂದು ದಿನದ ಅಂಚೆಯಲ್ಲಿ, ಪಿನ್ ನಂಬರು ಇನ್ನೊಂದು ದಿನದ ಅಂಚೆಯಲ್ಲಿ ಬರುತ್ತವೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿರದಿದ್ದರೆ ಎರಡೂ ವಾಪಸು! ಈಚೆಗೆ ಫೋನಿನಲ್ಲೇ ಖಾತೆ ಕೊಡುವ ಬ್ಯಾಂಕುಗಳು ಬಂದು ಕೆಲಸ ಸ್ವಲ್ಪ ಸಲೀಸಾಗಿದೆ, ನಿಜ. ಆದರೂ ಮೊದಲ ಕೆಲವು ವಾರಗಳಿಗೆ ಆಸರೆ ಊರಿನ ಕಾರ್ಡೇ. ಕೈಯಲ್ಲಿ ನೋಟು ತರೋಣವೆಂದರೆ ಅದಕ್ಕೂ ಮಿತಿ ಇದೆ. ಒಂದು ಪ್ರಯಾಣಕ್ಕೆ ವಿದೇಶಿ ನೋಟಿನ ರೂಪದಲ್ಲಿ 3,000 ಡಾಲರಿನಷ್ಟು ಮಾತ್ರ ತರಬಹುದು. ಉಳಿದದ್ದು ಕಾರ್ಡಿನಲ್ಲೋ ಬೇರೆ ರೂಪದಲ್ಲೋ ಇರಬೇಕು.

ಜರ್ಮನ್ನರು ಎಟಿಎಮ್ಮನ್ನು ಗೆಲ್ಡ್‌ಆಟೋಮಾಟ್ ಅನ್ನುತ್ತಾರೆ. ಗೆಲ್ಡ್ ಅಂದರೆ ದುಡ್ಡು. ಈ ದೇಶದ ಮೊದಲ ಗೆಲ್ಡ್‌ಆಟೋಮಾಟ್ ಎಲ್ಲಿತ್ತು ಗೊತ್ತೆ? ಬರ್ಲಿನ್‌ನಲ್ಲೂ ಅಲ್ಲ, ಫ್ರಾಂಕ್‌ಫರ್ಟ್‌ನಲ್ಲೂ ಅಲ್ಲ. ರೆನ್ನಿಂಗೆನ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಹೋಗಿ ಸೇರಬಹುದಾದ ಟ್ಯೂಬಿಂಗೆನ್‌ನಲ್ಲಿ! 1968ರ ಮೇ 27ರಂದು ಅಲ್ಲಿನ ಸ್ಪಾರ್ಕಾಸ್ಸೆ ಅದನ್ನು ಗೋಡೆಯಲ್ಲಿ ಕೂರಿಸಿತು. ಆರಿಸಿದ ಒಂದು ಸಾವಿರ ಗ್ರಾಹಕರಿಗೆ ಒಂದು ಬೀಗದ ಕೈ, ಒಂದು ಪ್ಲಾಸ್ಟಿಕ್ ಗುರುತು ಚೀಟಿ ಮತ್ತು ತೂತು ಹೊಡೆದ ಕೆಲವು ರಟ್ಟುಗಳನ್ನು ಕೊಟ್ಟಿದ್ದರು. ಬೀಗ ತೆಗೆದು, ಚೀಟಿ ತೋರಿಸಿ, ರಟ್ಟು ಹಾಕಿದರೆ ಮಾರ್ಕು ಹೊರಗೆ ಬರುತ್ತಿತ್ತು. ನಮ್ಮ ಬ್ಯಾಂಕುಗಳಲ್ಲಿ ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದ ಕಾಲ ನೆನಪಿರುವವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಅದಕ್ಕೂ ಒಂದು ವರ್ಷ ಹಿಂದೆ, 1967ರ ಜೂನ್‌ನಲ್ಲಿ, ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಇಂಥ ಯಂತ್ರ ಇಟ್ಟಿತ್ತು. ಅದರ ಹಿಂದಿದ್ದ ಜಾನ್ ಷೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಷಿಲ್ಲಾಂಗಿನಲ್ಲಿ. ಪಿನ್ ನಂಬರು ಆರು ಅಂಕಿ ಇರಲಿ ಎಂದು ಅವರು ಯೋಚಿಸಿದ್ದರಂತೆ, ಹೆಂಡತಿ ನಾಲ್ಕಕ್ಕಿಂತ ಹೆಚ್ಚು ನೆನಪಿಡಲಾರೆ ಎಂದದ್ದಕ್ಕೆ ನಾಲ್ಕಾಯಿತಂತೆ. ಅವರೇ ಹೇಳಿಕೊಂಡ ಕತೆ ಇದು. ಭಾರತಕ್ಕೆ ಎಟಿಎಮ್ ಬಂದದ್ದು 1987ರಲ್ಲಿ, ಮುಂಬಯಿಯ ಎಚ್‌ಎಸ್‌ಬಿಸಿ ಬ್ಯಾಂಕಿನ ಮೂಲಕ.

ಟ್ಯೂಬಿಂಗೆನ್ ಅಂದಾಗ ಕನ್ನಡಿಗರಿಗೆ ನೆನಪಾಗಬೇಕಾದವರು ಬೇರೆಯೇ ಒಬ್ಬರಿದ್ದಾರೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಂಡ್ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿ, 1903ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಎಟಿಎಮ್ ನೋಡಲು ಯಾರೂ ಟ್ಯೂಬಿಂಗೆನ್‌ಗೆ ಹೋಗುವುದಿಲ್ಲ. ಕಿಟೆಲ್ ನೆಪದಲ್ಲಿ ಹೋದವರು ಅದರ ಕತೆಯನ್ನೂ ಮಕ್ಕಳಿಗೆ ಹೇಳಬಹುದು.

ಈಗ ಊರಿನಲ್ಲೇ ಮಾಡಿಕೊಂಡು ಬರಬೇಕಾದ ಕೆಲಸಕ್ಕೆ ಬರುತ್ತೇನೆ. ಭಾರತೀಯ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಅದೇ ವರ್ಷದ ಮಾರ್ಚ್ 16ರಿಂದ ಹೊಸದಾಗಿ ಕೊಡುವ ಕಾರ್ಡುಗಳು ಭಾರತದೊಳಗಿನ ಎಟಿಎಮ್ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯುವಂತಿರಬೇಕು, ಹೊರದೇಶದ ಬಳಕೆ ಬೇಕಾದವರು ತಾವೇ ಅದನ್ನು ತೆರೆಸಿಕೊಳ್ಳಬೇಕು ಎಂದು. ಕಳ್ಳರಿಂದ ಕಾಪಾಡಲು ಇದು ಒಳ್ಳೆಯ ಕ್ರಮವೇ. ಆದರೆ ಈ ಗುಂಡಿ ಬ್ಯಾಂಕಿನ ಆ್ಯಪ್‌ನ ಯಾವುದೋ ಮೂಲೆಯಲ್ಲಿ ಇರುತ್ತದೆ. ಅದರಲ್ಲೂ ಎಟಿಎಮ್, ಅಂಗಡಿ, ಆನ್‌ಲೈನ್, ತಾಗಿಸಿ ಕೊಡುವುದು ಎಂದು ಬೇರೆ ಬೇರೆ ಗುಂಡಿಗಳು. ದಿನದ ಮಿತಿಯನ್ನೂ ಅಲ್ಲೇ ಹಾಕಬೇಕು. ಮಿತಿ ಸೊನ್ನೆಯಲ್ಲೇ ಉಳಿದಿದ್ದರೆ ಗುಂಡಿ ಒತ್ತಿಯೂ ಪ್ರಯೋಜನವಿಲ್ಲ.

ಪರಿಚಯದ ಹುಡುಗನೊಬ್ಬ ಶನಿವಾರ ರಾತ್ರಿ ಬಂದಿಳಿದ. ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ತೆರೆದಿದ್ದದ್ದು ಬೆಳಗಿನ ಹೊತ್ತು ಒಂದು ಬೇಕರಿ, ಮಧ್ಯಾಹ್ನ ತುರ್ಕಿಯವರ ಡೋನರ್ ಅಂಗಡಿ. ಎರಡೂ ಕಡೆ ನಗದು. ಎಟಿಎಮ್ ಅವನ ಹೊಸ ಕಾರ್ಡನ್ನು ಮೂರು ಸಲ ನುಂಗಿ ಮೂರು ಸಲ ಉಗುಳಿತು. ಆ ಕಾರ್ಡನ್ನು ಅವನು ಊರಿನ ಒಂದು ಎಟಿಎಮ್ಮಿನಲ್ಲೂ ಬಳಸಿರಲಿಲ್ಲ, ಪಿನ್ ಹೊಂದಿಸಿಯೇ ಇರಲಿಲ್ಲ. ಪಿನ್ ಹೊಂದಿಸಲು ಬ್ಯಾಂಕು ಓಟಿಪಿ ಕಳಿಸುತ್ತದೆ, ಓಟಿಪಿ ಬರುವುದು ಬೆಂಗಳೂರಿನ ಸಿಮ್ಮಿಗೆ, ಆ ಸಿಮ್ಮಿಗೆ ರೋಮಿಂಗ್ ಇಲ್ಲ. ಕಡೆಗೆ ಪಕ್ಕದ ಮನೆಯ ಕನ್ನಡದವರು ಅವನಿಗೆ ಉಪ್ಪಿಟ್ಟು ಮಾಡಿ ಹಾಕಿ, ಕೈಗೆ ಐವತ್ತು ಯೂರೋ ಕೊಟ್ಟರು. ಅಂದಿನಿಂದ ಹೊಸಬರು ಯಾರು ಫೋನ್ ಮಾಡಿದರೂ ನಮ್ಮ ಕಡೆಯವರು ಮೊದಲು ಕೇಳುವ ಮಾತು: "ಸಿಮ್ಮಿಗೆ ರೋಮಿಂಗ್ ಹಾಕಿಸಿದ್ದೀರಾ? ಕಾರ್ಡಿನಲ್ಲಿ ಒಂದು ಸಲವಾದರೂ ಅಲ್ಲೇ ದುಡ್ಡು ತೆಗೆದಿದ್ದೀರಾ?"

ಕಾರ್ಡಿನ ಮೇಲಿನ ಚಿಹ್ನೆಯನ್ನೂ ನೋಡಿಕೊಳ್ಳಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಇಲ್ಲಿನ ಹೆಚ್ಚಿನ ಯಂತ್ರಗಳಲ್ಲಿ ಸಲೀಸು. 2012ರಲ್ಲಿ ಬಂದ ನಮ್ಮ ರುಪೇ ಕಾರ್ಡಿನಲ್ಲಿ ಎರಡು ಬಗೆ. ದೇಶದೊಳಗೆ ಮಾತ್ರ ನಡೆಯುವುದು ಒಂದು, ಡಿಸ್ಕವರ್ ಮತ್ತು ಡೈನರ್ಸ್ ಕ್ಲಬ್ ಜಾಲದ ಮೂಲಕ ಹೊರಗೂ ನಡೆಯುವುದು ಇನ್ನೊಂದು. ಪಿಂಚಣಿ ಖಾತೆಗಳಿಗೆ ಸಾಮಾನ್ಯವಾಗಿ ಕೊಡುವುದು ಯಾವ ಬಗೆ ಎಂದು ಬ್ಯಾಂಕಿನಲ್ಲಿ ವಿಚಾರಿಸದೆ ಅಪ್ಪ-ಅಮ್ಮನನ್ನು ವಿಮಾನ ಹತ್ತಿಸಬೇಡಿ. ಹಳೆಯ ಕಪ್ಪು ಪಟ್ಟಿಯ ಕಾರ್ಡುಗಳ ಕಾಲ ಮುಗಿದಿದೆ. 2018ರ ಡಿಸೆಂಬರ್ 31ರೊಳಗೆ ಅವನ್ನೆಲ್ಲ ಚಿಪ್ಪಿನ ಕಾರ್ಡಾಗಿ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ಆಗ ಇಲ್ಲಿದ್ದ ಎಷ್ಟೋ ಜನರ ಹೊಸ ಕಾರ್ಡು ಊರಿನ ವಿಳಾಸಕ್ಕೆ ಹೋಗಿ, ಅಲ್ಲಿಂದ ಯಾರದೋ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಚಕ್ಕುಲಿಗಳ ನಡುವೆ ಕೂತು ಜರ್ಮನಿಗೆ ಬಂತು!

ಕಾರ್ಡಿನ ಮೇಲಿನ ಇನ್ನೊಂದು ಬದಲಾವಣೆ ಮನಸ್ಸಿಗೆ ತಟ್ಟುವಂಥದ್ದು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ. ಮಂಗಳೂರು, ಉಡುಪಿ, ಮೈಸೂರು ಸೀಮೆಯವರು ಮೊದಲ ಸಂಬಳ ಹಾಕಿದ, ಪಿಗ್ಮಿ ಕಟ್ಟಿದ ಬ್ಯಾಂಕುಗಳು ಇವು. ಹೆಸರು ಹೋದದ್ದಕ್ಕೆ ಬೇಸರ ಒಂದು ಕಡೆ. ಇನ್ನೊಂದು ಕಡೆ ಐಎಫ್‌ಎಸ್‌ಸಿ ನಂಬರು, ಆ್ಯಪ್ ಎಲ್ಲ ಬದಲಾಗಿ, ದೂರದಲ್ಲಿರುವವರು ಹಳೆಯ ವಿವರ ಇಟ್ಟುಕೊಂಡೇ ಕೂತಿದ್ದರು. ನಿಮ್ಮ ಹಳೆಯ ಖಾತೆ ಇವುಗಳಲ್ಲೊಂದರದಾದರೆ ಮುಂದಿನ ಸಲ ಊರಿಗೆ ಹೋದಾಗ ಬ್ರಾಂಚಿಗೆ ಒಂದು ಸುತ್ತು ಹೋಗಿಬನ್ನಿ.

ಹಾಗೆ ಹೋದಾಗ ಇನ್ನೊಂದು ಮಾತನ್ನೂ ಕೇಳಿಬನ್ನಿ. ಕೆಲಸಕ್ಕೆಂದು ಹೊರಟು ಹೊರದೇಶದಲ್ಲಿ ನೆಲೆಸಿದವರು ಊರಿನ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಓ ಖಾತೆಯಾಗಿ ಮಾರ್ಪಡಿಸಬೇಕು ಎಂಬುದು ಫೆಮಾ ಕಾನೂನಿನ ನಿಯಮ. "ಹತ್ತು ವರ್ಷದಿಂದ ಹೀಗೇ ನಡೀತಿದೆ, ಏನಾಗಲ್ಲ ಬಿಡಿ" ಎನ್ನುವವರು ನಮ್ಮಲ್ಲಿ ಬಹಳ. ಏನೂ ಆಗದಿರಬಹುದು. ಆದರೂ ನನ್ನ ಅಭಿಪ್ರಾಯದಲ್ಲಿ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸವನ್ನು ತಲೆಯ ಮೇಲೆ ಹೊತ್ತು ತಿರುಗುವುದು ಜಾಣತನವಲ್ಲ. ಊರಿನ ಖಾತೆಯಿಂದ ಕಾರ್ಡಿನಲ್ಲಿ ಹೊರದೇಶದಲ್ಲಿ ತೆಗೆದ ಹಣವೂ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಎಲ್‌ಆರ್‌ಎಸ್ ಮಿತಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದೂ ತಿಳಿದಿರಲಿ.

ಈ ವಿಷಯದಲ್ಲಿ ನಮ್ಮ ಮನೆಯ ಮಟ್ಟಿಗೆ ನಿಜವಾದ ಗುರುಗಳು ನಮ್ಮ ಮಾವನವರು. ಅರಸೀಕೆರೆಯ ಕಡೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. 2023ರ ಬೇಸಿಗೆಯಲ್ಲಿ ಮೂರು ತಿಂಗಳು ನಮ್ಮ ಜೊತೆ ಇದ್ದರು. ಹೀಗೆ ಬರುವ ತಂದೆತಾಯಿಯ ವೀಸಾಕ್ಕೆ ನಾವು ಇಲ್ಲಿನ ಕಚೇರಿಯಲ್ಲಿ ಒಂದು ಬದ್ಧತಾ ಪತ್ರ ಬರೆದುಕೊಡಬಹುದು, ಇವರು ಇಲ್ಲಿರುವಷ್ಟು ದಿನ ಖರ್ಚೆಲ್ಲ ನಮ್ಮದು ಎಂದು. ನಾವೂ ಬರೆದುಕೊಟ್ಟಿದ್ದೆವು. ಮಾವನವರಿಗೆ ಅದನ್ನು ಓದಿ ಹೇಳಿದ್ದೇ ತಪ್ಪಾಯಿತೇನೋ! "ಏನಮ್ಮಾ, ನಲವತ್ತು ವರ್ಷ ದುಡಿದವನು ನಾನು. ಮೊಮ್ಮಗನಿಗೆ ಒಂದು ಬ್ರೆಡ್ಡು ಕೊಡಿಸೋಕೂ ನಿಮ್ಮ ಕೈ ನೋಡಬೇಕಾ?" ಎಂದರು.

"ಹಾಗಲ್ಲ ಮಾವ, ನಿಮ್ಮ ಕಾರ್ಡು ಇಲ್ಲೂ ನಡೆಯುತ್ತೆ. ಆದರೆ ಪ್ರತಿ ಸಲ ತೆಗೆದಾಗಲೂ ಸುಮಾರು ದುಡ್ಡು ಹಿಡಿದುಕೊಳ್ತಾರೆ. ನಾವು ಕೊಟ್ಟರೆ ಅದು ಉಳಿಯುತ್ತಲ್ಲ ಅಂತ."

"ಎಷ್ಟು ಹಿಡಿದುಕೊಳ್ತಾರೆ? ಲೆಕ್ಕ ಹೇಳು."

ನನಗೆ ಸರಿಯಾಗಿ ಬರಲಿಲ್ಲ. ಅವರೇ ಬ್ಯಾಂಕಿನ ದರಪಟ್ಟಿಯನ್ನು ಫೋನಿನಲ್ಲಿ ತೆಗೆಸಿ, ಹಳೆಯ ಲಕೋಟೆಯ ಹಿಂಭಾಗದಲ್ಲಿ ಲೆಕ್ಕ ಹಾಕಿದರು. ಬೇರೆ ಬೇರೆ ಬ್ಯಾಂಕಿನಲ್ಲಿ ದರ ಬೇರೆ ಬೇರೆ. ಅವರ ಬ್ಯಾಂಕಿನದು ಹೀಗಿತ್ತು: ವಿದೇಶಿ ಹಣಕ್ಕೆ ಬದಲಿಸುವ ಶುಲ್ಕ ನೂರಕ್ಕೆ ಮೂರೂವರೆ, ಪ್ರತಿ ಸಲ ತೆಗೆದದ್ದಕ್ಕೆ 150 ರೂಪಾಯಿ, ಎರಡರ ಮೇಲೂ ನೂರಕ್ಕೆ 18 ಜಿಎಸ್‌ಟಿ. ಆಗ ಯೂರೋ 90 ರೂಪಾಯಿಯ ಆಸುಪಾಸಿನಲ್ಲಿತ್ತು. 50 ಯೂರೋ ತೆಗೆದರೆ 4,500 ರೂಪಾಯಿ. ಬದಲಿಸುವ ಶುಲ್ಕ 157 ರೂಪಾಯಿ 50 ಪೈಸೆ, ಅದರ ಜಿಎಸ್‌ಟಿ 28 ರೂಪಾಯಿ 35 ಪೈಸೆ, ಮೇಲೆ ಆ 150 ಮತ್ತು ಅದರ ಜಿಎಸ್‌ಟಿ 27. ಒಟ್ಟು 362 ರೂಪಾಯಿ 85 ಪೈಸೆ. ಅಂದರೆ ನೂರಕ್ಕೆ ಎಂಟು! ಅದೇ ಒಂದೇ ಸಲ 200 ಯೂರೋ ತೆಗೆದರೆ 18,000 ರೂಪಾಯಿಗೆ ಖರ್ಚು 920 ರೂಪಾಯಿ 40 ಪೈಸೆ, ನೂರಕ್ಕೆ ಐದು. ನಾಲ್ಕು ಸಲ ಐವತ್ತೈವತ್ತು ತೆಗೆಯುವ ಬದಲು ಒಂದೇ ಸಲ ಇನ್ನೂರು ತೆಗೆದರೆ 531 ರೂಪಾಯಿ ಉಳಿತಾಯ. "ನೋಡಿದೆಯಾ, ಇದು ಏಳನೇ ಕ್ಲಾಸಿನ ಲೆಕ್ಕ. ಆ 150 ಇದೆಯಲ್ಲ, ಅದೇ ಸಣ್ಣ ಮೊತ್ತವನ್ನು ತಿನ್ನೋದು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ತಿಂಗಳಿಗೊಮ್ಮೆ 200 ಯೂರೋ ತೆಗೆಯುವುದು ಎಂದು ಅಲ್ಲೇ ಗೊತ್ತುಮಾಡಿದರು. ನೂರಕ್ಕೆ ಐದು ಕೊಡುವುದು ದಂಡವೋ ಅಲ್ಲವೋ ಎಂದು ನಾನು ಮತ್ತೆ ವಾದಿಸಲಿಲ್ಲ. ಸ್ವಂತ ಜೇಬಿನಿಂದ ದುಡ್ಡು ತೆಗೆಯುವ ಸುಖಕ್ಕೆ ಅವರು ಕಟ್ಟಿದ ಬೆಲೆ ಅದು.

ಇಂಥ ಊರುಗಳಲ್ಲಿ ಕೆಂಪು ಹಲಗೆಯ ಸ್ಪಾರ್ಕಾಸ್ಸೆ, ನೀಲಿ-ಕಿತ್ತಳೆ ಗುರುತಿನ ಫೋಲ್ಕ್ಸ್‌ಬಾಂಕ್ ಎರಡರ ಯಂತ್ರಗಳು ಬ್ಯಾಂಕಿನ ಮುಂಗೋಣೆಯಲ್ಲೇ ಇರುತ್ತವೆ. ಆ ಮುಂಗೋಣೆ ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತದೆ ಎಂದುಕೊಳ್ಳಬೇಡಿ. ರಾತ್ರಿ ಹೊತ್ತು ಯಂತ್ರವನ್ನು ಸಿಡಿಸಿ ದುಡ್ಡು ದೋಚುವ ಕಳ್ಳರ ಕಾಟ ಇಲ್ಲಿ ವಿಪರೀತವಾಗಿತ್ತು. 2022 ಒಂದೇ ವರ್ಷದಲ್ಲಿ ದೇಶದಾದ್ಯಂತ 496 ಸಲ ಹೀಗೆ ಸಿಡಿಸಿದರು ಅಥವಾ ಸಿಡಿಸಲು ನೋಡಿದರು! ಆಮೇಲೆ ಎಷ್ಟೋ ಬ್ಯಾಂಕುಗಳು ರಾತ್ರಿ ಬಾಗಿಲು ಹಾಕುವ ಪದ್ಧತಿ ಇಟ್ಟುಕೊಂಡಿವೆ. ಕೊನೆಯ ರೈಲಿನಲ್ಲಿ ಬಂದು ದುಡ್ಡು ತೆಗೆದರಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರದೆಯಲ್ಲಿ ಭಾಷೆ ಆರಿಸಬಹುದು. ಕನ್ನಡ ಇಲ್ಲ, ಇಂಗ್ಲಿಷ್ ಉಂಟು. ಪಿನ್ ಒತ್ತಿ, ಮೊತ್ತ ಒತ್ತಿದ ಮೇಲೆ ಕೆಲವು ಯಂತ್ರಗಳು ಬಹಳ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳುತ್ತವೆ. ಲೇಖನದ ಮೊದಲಲ್ಲಿ ಹೇಳಿದ ಪ್ರಶ್ನೆ ಇದೇ. "ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಳೆಯಲೇ?" ಎಂದು ರೂಪಾಯಿಯ ಮೊತ್ತವನ್ನೇ ತೋರಿಸುತ್ತದೆ. ಪರದೇಶದಲ್ಲಿ ರೂಪಾಯಿ ಚಿಹ್ನೆ ಕಂಡರೆ ಯಾರಿಗೆ ಹಿತವಾಗುವುದಿಲ್ಲ? ಹಿತವಾಗುವುದೇ ಅಪಾಯ! ಅದನ್ನು ಒಪ್ಪಿದರೆ ಯೂರೋವನ್ನು ರೂಪಾಯಿಗೆ ಬದಲಿಸುವ ದರವನ್ನು ಆ ಯಂತ್ರದವರೇ ತಮಗೆ ಬೇಕಾದಂತೆ ಹಾಕುತ್ತಾರೆ. ಒಪ್ಪದಿದ್ದರೆ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಆ ದಿನದ ದರ, ಅದರ ಮೇಲೆ ನಿಮ್ಮ ಬ್ಯಾಂಕಿನ ಶುಲ್ಕ. ನಾವು ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾಗ ಪ್ರವಾಸಿಗರು ಓಡಾಡುವ ಜಾಗದ, ಬ್ಯಾಂಕಿಗೆ ಸೇರದ ಒಂದು ಯಂತ್ರದಲ್ಲಿ 200 ಯೂರೋಗೆ 19,400 ರೂಪಾಯಿ ಎಂದು ತೋರಿಸಿತು. ಮಾವನವರು ಪರದೆಯನ್ನೇ ದಿಟ್ಟಿಸಿ ನೋಡಿ, "ಒಂದು ಯೂರೋಗೆ 97 ರೂಪಾಯಿ? ಸಂತೆಯ ದಲ್ಲಾಳಿಯೂ ಇಷ್ಟು ಹೇಳಲ್ಲ" ಎಂದು ರದ್ದು ಮಾಡುವ ಗುಂಡಿ ಒತ್ತಿದರು. ಮಾರ್ಕೆಟ್ಟಿನ ದರಕ್ಕಿಂತ 1,400 ರೂಪಾಯಿ ಹೆಚ್ಚು. ಹೀಗೆ ರೂಪಾಯಿಯಲ್ಲಿ ಕಳೆದರೂ ಹೊರದೇಶದ ವ್ಯವಹಾರವೆಂದು ಮತ್ತೆ ಶುಲ್ಕ ಹಾಕುವ ಬ್ಯಾಂಕುಗಳು ಊರಿನಲ್ಲಿ ಇವೆ. ಆಗ ಎರಡೂ ಕಡೆಯಿಂದ ಪೆಟ್ಟು.

ಆದ್ದರಿಂದ ಆ ಪ್ರಶ್ನೆ ಬಂದಾಗ "ವಿದೌಟ್ ಕನ್ವರ್ಷನ್" ಎಂಬ ಗುಂಡಿಯನ್ನೇ ಒತ್ತಿ. ಜರ್ಮನ್‌ನಲ್ಲಿ "ಓನೆ ಉಮ್‌ರೆಷ್ನುಂಗ್". ಅದು ಸಾಮಾನ್ಯವಾಗಿ ಮೂಲೆಯಲ್ಲಿ, ಸಣ್ಣದಾಗಿ, ಏನೋ ತಪ್ಪು ಮಾಡುತ್ತಿದ್ದೀರಿ ಎಂದು ಹೆದರಿಸುವ ಹಾಗೆ ಇರುತ್ತದೆ. ಹೆದರಬೇಡಿ, ಅದನ್ನು ಒತ್ತಿದರೂ ದುಡ್ಡು ಬರುತ್ತದೆ. ಅಂಗಡಿಯ ಕಾರ್ಡು ಯಂತ್ರದಲ್ಲೂ ಇದೇ ಪ್ರಶ್ನೆ ಬರಬಹುದು, ಉತ್ತರವೂ ಇದೇ. ಯಂತ್ರದವರ ಸ್ವಂತ ಶುಲ್ಕ ಬೇರೆ ಇದ್ದರೆ ಅದನ್ನೂ ಪರದೆಯಲ್ಲಿ ತೋರಿಸುತ್ತಾರೆ. ಹೆಚ್ಚು ಅನ್ನಿಸಿದರೆ ರದ್ದು ಮಾಡಿ ಪಕ್ಕದ ಬ್ಯಾಂಕಿಗೆ ಹೋಗಿ.

ಇಲ್ಲಿನ ಯಂತ್ರ ಮೊದಲು ಕಾರ್ಡು ಕೊಡುತ್ತದೆ, ಆಮೇಲೆ ದುಡ್ಡು. ಕಾರ್ಡು ತೆಗೆಯದೆ ನಿಂತರೆ ಸ್ವಲ್ಪ ಹೊತ್ತಿನಲ್ಲಿ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಂಡ ನಮ್ಮೂರ ಕಾರ್ಡನ್ನು ಬಿಡಿಸಿಕೊಳ್ಳುವುದು ಸುಲಭವಲ್ಲ. ಇಲ್ಲಿನ ಬ್ಯಾಂಕುಗಳ ಕಾರ್ಡು ಕಳೆದರೆ 116 116 ನಂಬರಿಗೆ ಫೋನ್ ಮಾಡಿ ನಿಲ್ಲಿಸಬಹುದು. ಊರಿನ ಕಾರ್ಡನ್ನು ಊರಿನ ಬ್ಯಾಂಕಿಗೇ ಹೇಳಿ ನಿಲ್ಲಿಸಬೇಕು. ಆ ನಂಬರನ್ನು ಕಾರ್ಡಿನ ಹಿಂಭಾಗದಲ್ಲಿ ಮಾತ್ರ ಬರೆದಿದ್ದರೆ ಏನು ಬಂತು? ಕಾರ್ಡೇ ಹೋಗಿರುತ್ತದಲ್ಲ! ಬೇರೆ ಕಡೆ ಬರೆದಿಡಿ.

ಖಾತೆಯಿಂದ ದುಡ್ಡು ಕಳೆದು, ಯಂತ್ರದಿಂದ ನೋಟು ಬರದೇ ಹೋಗುವುದೂ ಅಪರೂಪಕ್ಕೆ ಉಂಟು. ಊರಿನಲ್ಲಿ ಹೀಗಾದರೆ ಐದು ದಿನದೊಳಗೆ ವಾಪಸು ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿದೆ. ಆದರೆ ಆ ಆದೇಶ ಭಾರತದೊಳಗಿನ ವ್ಯವಹಾರಕ್ಕೆ ಮಾತ್ರ. ರೆನ್ನಿಂಗೆನ್‌ನ ಯಂತ್ರಕ್ಕೆ ಅದು ಅನ್ವಯಿಸದು. ಇಲ್ಲಿಂದ ದೂರು ಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ಬಲ್ಲೆ. ಯಂತ್ರ ಕೊಡುವ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಿ, ಚೀಟಿ ಬರದಿದ್ದರೆ ಪರದೆಯ ಫೋಟೋ ತೆಗೆದುಕೊಳ್ಳಿ, ಯಂತ್ರ ಯಾವ ಬ್ಯಾಂಕಿನದು, ಎಷ್ಟು ಹೊತ್ತಿಗೆ ಎಂದು ಬರೆದಿಟ್ಟು ಅದೇ ದಿನ ಊರಿನ ಬ್ಯಾಂಕಿಗೆ ಮಿಂಚಂಚೆ ಕಳಿಸಿ. ಮನೆಯಲ್ಲಿ ಇಬ್ಬರಿದ್ದರೆ ಎರಡು ಬೇರೆ ಬ್ಯಾಂಕಿನ ಕಾರ್ಡು ತರುವುದು ಕ್ಷೇಮ. ಎರಡನ್ನೂ ಒಂದೇ ಪರ್ಸಿನಲ್ಲಿ ಇಡದಿರುವುದು ಇನ್ನೂ ಕ್ಷೇಮ.

ಮಾವನವರಿಗೆ ಇಂಥದ್ದೇನೂ ಆಗಲಿಲ್ಲ. ತಿಂಗಳಿಗೊಮ್ಮೆ ಇಬ್ಬರೂ ನಡೆದುಕೊಂಡು ಹೋಗುತ್ತಿದ್ದೆವು. ಪಿನ್ ಒತ್ತುವಾಗ ನಾನು ಆ ಕಡೆ ತಿರುಗಿ ನಿಲ್ಲಬೇಕು, ಸೊಸೆಯಾದರೇನಂತೆ! ಇಪ್ಪತ್ತರ ನೋಟುಗಳನ್ನು ಎರಡು ಸಲ ಎಣಿಸಿ ಅಂಗಿಯ ಒಳಜೇಬಿಗೆ ಹಾಕಿ, ಮೊಮ್ಮಗನ ಕೈ ಹಿಡಿದು ಬೇಕರಿಯ ಸಾಲಿನಲ್ಲಿ ನಿಲ್ಲುತ್ತಿದ್ದರು. "ಸ್ವೈ ಬ್ರೆಟ್ಸೆಲ್ನ್, ಬಿಟ್ಟೆ" ಎಂದು ಮೊಮ್ಮಗ ಹೇಳಿಕೊಟ್ಟದ್ದನ್ನು ಹಾಸನದ ರಾಗದಲ್ಲಿ ಹೇಳುತ್ತಿದ್ದರು. ಅಂಗಡಿಯಾಕೆಗೆ ಅರ್ಥವಾಗುತ್ತಿತ್ತು. ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿಕೊಂಡು ಒಂದೊಂದೇ ನಾಣ್ಯ ಆರಿಸಿ ಕೊಡುವಾಗ ಹಿಂದಿನವರು ಯಾರೂ ಗೊಣಗುತ್ತಿರಲಿಲ್ಲ, ಅವರೂ ಅದನ್ನೇ ಮಾಡುವವರಲ್ಲವೆ?

ಊರಿಗೆ ಮರಳಿದ ಮೇಲೆ ಹೊರದೇಶದ ಗುಂಡಿಯನ್ನು ಆಫ್ ಮಾಡಿಸಲು ಅವರು ಬ್ರಾಂಚಿಗೆ ಹೋದರು. ಆ್ಯಪ್‌ನಲ್ಲೇ ಆಗುತ್ತದೆ ಎಂದರೂ ಕೇಳಲಿಲ್ಲ. ಅಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಆ ಪುಟದ ಫೋಟೋ ನಮಗೆ ಕಳಿಸಿದರು. ಪಿಂಚಣಿ, ಕರೆಂಟು ಬಿಲ್ಲು, ಗ್ಯಾಸು ಇವುಗಳ ನಡುವೆ ಮೂರು ಕಡೆ ಎಟಿಎಮ್ ಎಂದು ಅಚ್ಚಾಗಿ, ಪಕ್ಕದಲ್ಲಿ ರೆನ್ನಿಂಗೆನ್ ಎಂಬ ಹೆಸರು ಅರ್ಧಕ್ಕೇ ಕತ್ತರಿಸಿ ನಿಂತಿತ್ತು. ಕ್ಲರ್ಕ್ ಹುಡುಗಿ ಇದು ಯಾವ ಊರು ಸಾರ್ ಎಂದು ಕೇಳಿದಳಂತೆ. ಫೋಟೋದ ಕೆಳಗೆ ಮಾವನವರು ಬರೆದಿದ್ದರು: "ಮೂರಕ್ಕೂ ಶುಲ್ಕ ನನ್ನ ಲೆಕ್ಕಕ್ಕೆ ಸರಿಯಾಗಿದೆ. ದಿನದ ದರದಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ."